ಆಟದಲ್ಲಿ ಕಣ್ಣಿಗೆ ಪೆಟ್ಟು: ತಂದೆತಾಯಿಗಳು ತಿಳಿದಿರಬೇಕಾದ ಸಂಗತಿಗಳು



ಬೆಳೆಯುವ ಮಗುವಿಗೆ ಆಟವು ಅನ್ನದಷ್ಟೇ ಅವಶ್ಯಕವಾದುದು. ಆಡುವ ಮಗುವಿನ ಮೈ ಗಟ್ಟಿಯಾಗುತ್ತದೆ, ಮನಸ್ಸು ಅರಳುತ್ತದೆ, ನಾಲ್ಕು ಜನರೊಡನೆ ಹೊಂದಿಕೊಂಡು ಬಾಳುವ ಗುಣ ಬೆಳೆಯುತ್ತದೆ. ಆದುದರಿಂದ ಈ ಲೇಖನವನ್ನು ಓದಿದ ಮೇಲೆ ಮಕ್ಕಳನ್ನು ಆಟಕ್ಕೆ ಕಳುಹಿಸಬಾರದೆಂದು ಯಾರೂ ತೀರ್ಮಾನಿಸಬಾರದೆಂದು ಮೊದಲಿಗೇ ವಿನಂತಿಸಿಕೊಳ್ಳುತ್ತೇನೆ. ಆಟವೂ ಉಳಿಯಬೇಕು, ಕಣ್ಣೂ ಉಳಿಯಬೇಕು. ಅದು ಹೇಗೆ ಸಾಧ್ಯವೆಂಬುದನ್ನು ತಿಳಿಸುವುದೇ ಇಲ್ಲಿನ ಉದ್ದೇಶ.

ಒಬ್ಬ ಬಾಲಕನ ಕಥೆ

ನಾನು ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದಾಗ, ರಾಗಿ ಒಕ್ಕಣೆಯ ದಿನಗಳಲ್ಲಿ ದಂಪತಿಗಳಿಬ್ಬರು ತಮ್ಮ ಒಂಬತ್ತು ವರ್ಷದ ಮಗನನ್ನು ಕರೆತಂದರು. ಬಾಲಕನ ಬಲಗಣ್ಣು ಊದಿಕೊಂಡು ಕೀವು ಕಟ್ಟಿತ್ತು. ವಿಚಾರಿಸಲಾಗಿ, ನಾಲ್ಕು ದಿನಗಳ ಹಿಂದೆ ಕಣದ ಬಳಿ ಮಕ್ಕಳು ಚಿನ್ನಿದಾಂಡು ಆಡುವಾಗ ಹಾರಿಬಂದ ಚಿನ್ನಿಯ ತುದಿ ಕಣ್ಣಿಗೆ ತಗುಲಿತ್ತೆಂದು ತಿಳಿಯಿತು. ಬಾಲಕನು ಮನೆಯಲ್ಲಿ “ಕಣ್ಣಿಗೆ ಧೂಳು ಬಿದ್ದಿದೆ” ಎಂದಷ್ಟೇ ಹೇಳಿದ್ದನು. ತಾಯಿಯು ನೆರೆಯವರ ಮಾತಿನಂತೆ ನಂದಿಬಟ್ಟಲ ಹೂವಿನ ರಸವನ್ನು ಹಿಂಡಿದ್ದರು. ಎರಡನೆಯ ದಿನ ಕಣ್ಣು ಕೆಂಪಾಗಿತ್ತು. “ಆಸ್ಪತ್ರೆಗೆ ಹೋಗೋಣ” ಎಂದು ತಾಯಿ ಕೇಳಿದಾಗ, “ಒಕ್ಕಣೆ ಮುಗಿಯಲಿ, ಅಷ್ಟರಲ್ಲಿ ತಾನೇ ಇಳಿಯುತ್ತದೆ” ಎಂದು ತಂದೆ ಹೇಳಿದ್ದರು.

ಮಗುವಿನ ಕಣ್ಣಿನ ಮೇಲೆ ಸಾಸಿವೆಯಷ್ಟೇ ಚಿಕ್ಕ ತೂತು ಇತ್ತು. ಅದರ ಮೂಲಕ ಒಳಹೊಕ್ಕ ಕ್ರಿಮಿಗಳು ಕಣ್ಣುಗುಡ್ಡೆಯ ಒಳಗೆಲ್ಲ ಸೋಂಕು ಹರಡಿದ್ದವು. ಅದೇ ದಿನ ಮಗುವನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಲಾಯಿತು. ಶಸ್ತ್ರಚಿಕಿತ್ಸೆ ನಡೆಯಿತು, ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ಆ ಕಣ್ಣಿನ ದೃಷ್ಟಿ ಮರಳಲಿಲ್ಲ.

ಕೆಲವು ವಾರಗಳ ನಂತರ ತಂದೆಯು ಬಂದು, “ಸ್ವಾಮಿ, ಅಂದೇ ಕರೆತಂದಿದ್ದರೆ ಕಣ್ಣು ಉಳಿಯುತ್ತಿತ್ತೇ?” ಎಂದು ಕೇಳಿದರು. ಖಂಡಿತ ಉಳಿಯುತ್ತಿತ್ತೆಂದು ನಾನು ಹೇಳಲಾರದೆ ಹೋದೆ. ಆದರೆ ಉಳಿಸುವ ಅವಕಾಶವಂತೂ ಇರುತ್ತಿತ್ತು ಎಂದು ಹೇಳಬೇಕಾಯಿತು. ಬಾಲಕನನ್ನು, “ನಿಜವನ್ನು ಏಕೆ ಹೇಳಲಿಲ್ಲ, ಮಗೂ?” ಎಂದು ಕೇಳಿದೆ. “ಅಪ್ಪ ಹೊಡೀತಾರೆ ಅಂತ” ಎಂದನು. ಈ ಲೇಖನದ ಮುಖ್ಯ ಪಾಠವು ಆ ಒಂದು ಉತ್ತರದಲ್ಲಿಯೇ ಇದೆ.

ಕಣ್ಣಿನ ರಚನೆ

ಮನುಷ್ಯನ ಕಣ್ಣುಗುಡ್ಡೆಯು ಸುಮಾರು 24 ಮಿಲಿಮೀಟರ್ ಅಗಲದ ಗುಂಡಗಿನ ಅಂಗ. ಪ್ರಕೃತಿಯು ಇದನ್ನು ಮೂಳೆಯ ಗೂಡಿನಲ್ಲಿ ಹುದುಗಿಸಿಟ್ಟಿದೆ. ಮೇಲೆ ಹುಬ್ಬಿನ ಮೂಳೆ, ಕೆಳಗೆ ಕೆನ್ನೆಯ ಮೂಳೆ, ಒಂದು ಬದಿಯಲ್ಲಿ ಮೂಗು ಇದಕ್ಕೆ ಕಾವಲಾಗಿವೆ. ಗೂಡಿನ ಬಾಯಿ ಸುಮಾರು 40 ಮಿಲಿಮೀಟರ್ ಅಗಲ, 35 ಮಿಲಿಮೀಟರ್ ಎತ್ತರ ಇರುತ್ತದೆ. ಇದಕ್ಕಿಂತ ದೊಡ್ಡದಾದ ಗಟ್ಟಿ ವಸ್ತು ಬಡಿದರೆ ಪೆಟ್ಟಿನ ಬಹುಭಾಗವನ್ನು ಸುತ್ತಲಿನ ಮೂಳೆಯೇ ತಡೆಯುತ್ತದೆ. ಇದಕ್ಕಿಂತ ಚಿಕ್ಕದಾದ ವಸ್ತು ನೇರವಾಗಿ ಕಣ್ಣುಗುಡ್ಡೆಗೇ ತಗುಲುತ್ತದೆ. ಚಿನ್ನಿ, ಬಾಣ, ಕಲ್ಲು, ಬ್ಯಾಡ್ಮಿಂಟನ್ ಆಟದ ಷಟಲ್‌ಕಾಕ್ ಇವೆಲ್ಲವೂ ಈ ಗುಂಪಿಗೆ ಸೇರಿದವು. ಷಟಲ್‌ಕಾಕ್ ಐದಾರು ಗ್ರಾಂ ತೂಗದಿದ್ದರೂ ಅದರ ಬಿರಡೆಯ ಅಗಲ 25ರಿಂದ 28 ಮಿಲಿಮೀಟರ್ ಮಾತ್ರ. ಆದುದರಿಂದ ಅದು ಗೂಡಿನೊಳಗೆ ನುಗ್ಗಬಲ್ಲದು. ಟೆನಿಸ್ ಚೆಂಡು ಗೂಡಿಗಿಂತ ದೊಡ್ಡದಾದರೂ ಮೆತ್ತಗಿರುವುದರಿಂದ, ವೇಗವಾಗಿ ಬಡಿದಾಗ ಅಮುಕಿಕೊಂಡು ಅದರ ಒಂದು ಭಾಗ ಒಳಗೆ ಒತ್ತುತ್ತದೆ. ಮೆತ್ತನೆಯ ಚೆಂಡಿನಿಂದ ಏನೂ ಆಗದೆಂಬ ನಂಬಿಕೆ ಸರಿಯಲ್ಲ.

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಸ್ವಚ್ಛವಾದ ಪಾರದರ್ಶಕ ಪಟಲವಿದೆ. ಇದರ ದಪ್ಪ ನಡುವೆ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಅದರ ಹಿಂದೆ ಪಾಪೆ, ಪಾಪೆಯ ಹಿಂದೆ ಮಸೂರ, ಎಲ್ಲಕ್ಕಿಂತ ಹಿಂದೆ ಗೋಡೆಗೆ ಅಂಟಿಸಿದ ತೆಳು ಕಾಗದದಂತಹ ಅಕ್ಷಿಪಟಲ ಇವೆ. ನೋಡುವ ಶಕ್ತಿಯು ಈ ಅಕ್ಷಿಪಟಲದ್ದು.

ಪೆಟ್ಟಿನಿಂದ ಆಗುವ ಹಾನಿಗಳು

ಮೊದಲನೆಯದು ಗೀರು ಗಾಯ. ಉಗುರು, ಮರಳು, ಕಡ್ಡಿ ತಗುಲಿ ಪಾರದರ್ಶಕ ಪಟಲವು ಗೀರಿದರೆ ಕಣ್ಣು ಚುಚ್ಚುತ್ತದೆ, ನೀರು ಸುರಿಯುತ್ತದೆ, ಬೆಳಕನ್ನು ಸಹಿಸದು. ಚಿಕಿತ್ಸೆ ದೊರೆತರೆ ಇದು ಬೇಗ ಮಾಯುತ್ತದೆ. ಆದರೆ ಗೀರಿದ ವಸ್ತು ಪೈರಿನ ಎಲೆ, ಮುಳ್ಳು ಅಥವಾ ಮರದ ಚೂರಾಗಿದ್ದರೆ ಬೂಷ್ಟಿನ ಜಾತಿಯ ಸೋಂಕು ತಗುಲಿ ಹುಣ್ಣಾಗುವ ಭಯವಿದೆ. ಹುಣ್ಣು ಮಾಯ್ದ ಮೇಲೂ ಬಿಳಿಯ ಕಲೆ ಉಳಿದು ದೃಷ್ಟಿ ಮಂಜಾಗಬಹುದು.

ಎರಡನೆಯದು ಮೊಂಡು ಪೆಟ್ಟು. ಚೆಂಡು, ಮೊಣಕೈ, ತಲೆ ಬಡಿದಾಗ ಹೊರಗೆ ಗಾಯವೇ ಕಾಣದಿರಬಹುದು. ಒಳಗೆ ಮಾತ್ರ ರಕ್ತನಾಳ ಒಡೆದು, ಪಾರದರ್ಶಕ ಪಟಲದ ಹಿಂದೆ ರಕ್ತ ಶೇಖರವಾಗುತ್ತದೆ. ಮೊದಲ ಐದು ದಿನಗಳಲ್ಲಿ ಇದು ಮತ್ತೊಮ್ಮೆ ಸ್ರವಿಸುವ ಸಂಭವವಿದ್ದು, ಎರಡನೆಯ ಸ್ರಾವವು ಮೊದಲನೆಯದಕ್ಕಿಂತ ಕೆಟ್ಟದಾಗಿರಬಹುದು. ಆದುದರಿಂದ ನೋವು ಇಳಿಯಿತೆಂದು ಮಗುವನ್ನು ಮರುದಿನವೇ ಆಟಕ್ಕೆ ಬಿಡಬಾರದು. ಮೊಂಡು ಪೆಟ್ಟಿನಿಂದ ಮಸೂರಕ್ಕೆ ಪೊರೆ ಬರಬಹುದು, ಅಕ್ಷಿಪಟಲ ಹರಿದು ಕಳಚಿಕೊಳ್ಳಬಹುದು, ಗೂಡಿನ ತೆಳು ಮೂಳೆ ಮುರಿಯಬಹುದು. ಕೆಲವರಲ್ಲಿ ಪೆಟ್ಟು ಬಿದ್ದ ಎಷ್ಟೋ ವರ್ಷಗಳ ನಂತರ ಕಣ್ಣಿನ ಒತ್ತಡ ಏರಿ, ನೋವೇ ಇಲ್ಲದೆ ದೃಷ್ಟಿ ನಶಿಸುತ್ತದೆ. ಬಲವಾದ ಪೆಟ್ಟು ಬಿದ್ದವರು ವರ್ಷಕ್ಕೊಮ್ಮೆ ಕಣ್ಣಿನ ಒತ್ತಡವನ್ನು ಪರೀಕ್ಷಿಸಿಕೊಳ್ಳಬೇಕೆನ್ನುವುದು ಇದಕ್ಕಾಗಿಯೇ.

ಮೂರನೆಯದು ತೂತುಬಿದ್ದ ಗಾಯ. ಚಿನ್ನಿ, ಬಾಣ, ಬುಗುರಿಯ ಮೊಳೆ ಇವುಗಳಿಂದ ಆಗುವಂತಹುದು. ಇದಕ್ಕೆ ಕೂಡಲೇ ಹೊಲಿಗೆ ಬೀಳಬೇಕು. ಸಾಧ್ಯವಾದ ಮಟ್ಟಿಗೆ 24 ಗಂಟೆಗಳ ಒಳಗೆ ಆಗಬೇಕು. ಅಪರೂಪವಾಗಿ, ಒಂದು ಕಣ್ಣಿಗೆ ಇಂತಹ ಗಾಯವಾದ ವಾರಗಳ ಅಥವಾ ತಿಂಗಳುಗಳ ನಂತರ ಇನ್ನೊಂದು ಒಳ್ಳೆಯ ಕಣ್ಣಿಗೂ ಉರಿಯೂತ ಬರುವುದುಂಟು. ಚಿಕಿತ್ಸೆ ಮುಗಿದ ಮೇಲೂ ವೈದ್ಯರು ಹೇಳಿದ ದಿನಗಳಲ್ಲಿ ತಪ್ಪದೆ ಹೋಗಿಬರಬೇಕು.

ನಾಲ್ಕನೆಯದು ಸುಣ್ಣದ ಗಾಯ. ಆಟದ ಮೈದಾನದಲ್ಲಿ ಗೆರೆ ಎಳೆಯಲು ಸುಣ್ಣದ ಪುಡಿ ಬಳಸುವುದು ರೂಢಿ. ಕಬಡ್ಡಿಯಲ್ಲಿ ಗೆರೆಯ ಮೇಲೆ ಮುಖವಡಿಯಾಗಿ ಬಿದ್ದ ಆಟಗಾರನ ಕಣ್ಣಿಗೆ ಅದು ಹೊಕ್ಕರೆ ಪಾರದರ್ಶಕ ಪಟಲವನ್ನು ಸುಡುತ್ತದೆ. ಮನೆಯಲ್ಲಿ ಎಲೆಯಡಿಕೆಗೆ ಇಟ್ಟ ಸುಣ್ಣದ ಪೊಟ್ಟಣವನ್ನು ಮಕ್ಕಳು ಆಟದ ಸಾಮಾನೆಂದು ಹಿಸುಕಿದಾಗ ಅದು ಒಡೆದು ಕಣ್ಣಿಗೆ ಸಿಡಿಯುವುದೂ ಉಂಟು. ಸುಣ್ಣವು ಕಣ್ಣಿನಲ್ಲಿ ಉಳಿದಷ್ಟು ಹೊತ್ತೂ ಆಳಕ್ಕೆ ಇಳಿಯುತ್ತಲೇ ಹೋಗುತ್ತದೆ.

ನಮ್ಮ ಆಟಗಳು ಮತ್ತು ಮುನ್ನೆಚ್ಚರಿಕೆ

ಚಿನ್ನಿದಾಂಡು: ಚಿನ್ನಿಯ ಎರಡು ತುದಿಗಳನ್ನೂ ಸೂಜಿಯಂತೆ ಹೆರೆಯದೆ ಮೊಂಡಾಗಿ ಉಜ್ಜಿಸಿರಿ. ತುದಿ ಮೊಂಡಾಗಿದ್ದರೂ ಇಳಿಜಾರು ಇದ್ದರೆ ಚಿನ್ನಿ ಚಿಮ್ಮುತ್ತದೆ. ನೋಡುವ ಮಕ್ಕಳು ಹೊಡೆಯುವವನ ಹಿಂದೆ, ದೂರದಲ್ಲಿ ಕುಳಿತಿರಬೇಕು. ನಡೆದಾಡುವ ದಾರಿಯಲ್ಲಿ ಆಡಬಾರದು. ಗಾಯವು ಆಡುವವನಿಗಿಂತ ಹೆಚ್ಚಾಗಿ ನೋಡುತ್ತ ನಿಂತ ಎಳೆಯ ಮಗುವಿಗೇ ಆಗಬಹುದು.

ಬಿಲ್ಲುಬಾಣ ಮತ್ತು ಕ್ಯಾಟರ್‌ಬಿಲ್ಲು: 1987 ಮತ್ತು 1988ರಲ್ಲಿ ದೂರದರ್ಶನದಲ್ಲಿ ರಾಮಾಯಣ, ಮಹಾಭಾರತ ಧಾರಾವಾಹಿಗಳು ಆರಂಭವಾದಾಗ ಮನೆಮನೆಯ ಹುಡುಗರು ಪೊರಕೆಕಡ್ಡಿಯ ಬಾಣ ಹೂಡಿ ಓಡಾಡಿದ್ದನ್ನು ನಿಮ್ಮಲ್ಲಿ ಹಿರಿಯರು ಮರೆತಿರಲಾರರು. ಜಾತ್ರೆಯಲ್ಲಿ ಇಂದಿಗೂ ಬಿಲ್ಲುಬಾಣದ ಆಟಿಕೆ ದೊರೆಯುತ್ತದೆ. ಕಡ್ಡಿಯ ಬಾಣ, ಕವೆಗೋಲಿಗೆ ರಬ್ಬರು ಕಟ್ಟಿ ಕಲ್ಲು ಹೊಡೆಯುವ ಕ್ಯಾಟರ್‌ಬಿಲ್ಲು ಇವೆರಡನ್ನು ಮಾತ್ರ ಮನೆಯಲ್ಲಿ ಇಟ್ಟುಕೊಳ್ಳಬೇಡಿರಿ. ಇವುಗಳಿಗೆ ಸುರಕ್ಷಿತವಾದ ಆಟದ ಕ್ರಮವಿಲ್ಲ.

ಬುಗುರಿ: ಚಾಟಿಯನ್ನು ಬೀಸಿ ಎಳೆಯುವಾಗ ಬುಗುರಿ ಮೇಲಕ್ಕೆ ಚಿಮ್ಮುವುದುಂಟು. ಸುತ್ತ ಬಗ್ಗಿ ನಿಲ್ಲಬಾರದು. ಮೊಳೆಯ ಮೊನೆಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಬೇಕು.

ಕಬಡ್ಡಿ ಮತ್ತು ಕುಸ್ತಿ: ಆಟಗಾರರು ಉಗುರನ್ನು ಒತ್ತಾಗಿ ಕತ್ತರಿಸಿಕೊಂಡಿರಬೇಕೆಂಬುದು ಕಬಡ್ಡಿಯ ನಿಯಮಗಳಲ್ಲಿಯೇ ಇದೆ. ಉಂಗುರ, ಕಡಗಗಳನ್ನು ತೆಗೆದಿಡಬೇಕು. ಊರ ಪಂದ್ಯ ನಡೆಸುವವರು ಅಂಕಣದ ಗೆರೆಗೆ ಸುಣ್ಣದ ಬದಲು ಹಗ್ಗ, ಪಟ್ಟಿ ಅಥವಾ ಸೀಮೆಸುಣ್ಣದ ಪುಡಿಯನ್ನು ಬಳಸುವುದು ಲೇಸು. ಮೈದಾನದ ಬಳಿ ಒಂದು ಬಿಂದಿಗೆ ಶುದ್ಧ ನೀರು ಸದಾ ಇರಬೇಕು.

ಕ್ರಿಕೆಟ್: ತೊಗಲಿನ ಚೆಂಡು 156ರಿಂದ 163 ಗ್ರಾಂ ತೂಗುತ್ತದೆ. ಭಾರತ ತಂಡದ ವಿಕೆಟ್ ಕೀಪರ್ ಆಗಿದ್ದ ಸಬಾ ಕರೀಂ ಅವರಿಗೆ 2000ದ ಏಷ್ಯಾ ಕಪ್ ಪಂದ್ಯದಲ್ಲಿ, ಢಾಕಾದಲ್ಲಿ, ನಮ್ಮ ನಾಡಿನ ಅನಿಲ್ ಕುಂಬ್ಳೆಯವರ ಬೌಲಿಂಗ್‌ಗೆ ಕೀಪಿಂಗ್ ಮಾಡುತ್ತಿದ್ದಾಗ ಚೆಂಡು ಬಲಗಣ್ಣಿಗೆ ಬಡಿಯಿತು. ಆ ಪೆಟ್ಟಿನಿಂದ ಅವರ ಆಟದ ಬದುಕು ಬೇಗ ಮುಗಿಯಿತು. ದಕ್ಷಿಣ ಆಫ್ರಿಕಾದ ಕೀಪರ್ ಮಾರ್ಕ್ ಬೌಚರ್ ಅವರಿಗೆ 2012ರಲ್ಲಿ ಇಂಗ್ಲೆಂಡಿನ ಟಾಂಟನ್‌ನಲ್ಲಿ ವಿಕೆಟ್ಟಿನ ಮೇಲಿನ ಚಿಕ್ಕ ಮರದ ತುಂಡಾದ ಬೇಲ್ ಹಾರಿ ಎಡಗಣ್ಣಿಗೆ ಹೊಡೆಯಿತು. ಅವರು ಮತ್ತೆ ಅಂತರರಾಷ್ಟ್ರೀಯ ಪಂದ್ಯ ಆಡಲಿಲ್ಲ. ಪಳಗಿದ ಆಟಗಾರರಿಗೇ ಹೀಗಾದರೆ ಊರ ಬಯಲಿನಲ್ಲಿ ಆಡುವ ಹುಡುಗರ ವಿಷಯ ಹೇಳಬೇಕಾಗಿಲ್ಲ. 2023ರ ಜೂನ್‌ನಿಂದ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ವೇಗದ ಬೌಲಿಂಗ್ ಎದುರಿಸುವ ಬ್ಯಾಟುಗಾರರೂ, ವಿಕೆಟ್ಟಿಗೆ ಒತ್ತಿ ನಿಲ್ಲುವ ಕೀಪರ್‌ಗಳೂ, ಬ್ಯಾಟುಗಾರನ ಮುಂದೆ ಹತ್ತಿರ ನಿಲ್ಲುವ ಕ್ಷೇತ್ರರಕ್ಷಕರೂ ಹೆಲ್ಮೆಟ್ ಧರಿಸುವುದು ಕಡ್ಡಾಯವಾಗಿದೆ. ಹಳ್ಳಿಯ ತಂಡಗಳು ಚಂದಾ ಎತ್ತಿ ಬ್ಯಾಟು ಕೊಳ್ಳುವಾಗ ಮುಖಕ್ಕೆ ಸರಳು ಇರುವ ಹೆಲ್ಮೆಟ್ ಎರಡನ್ನಾದರೂ ಕೊಳ್ಳಲಿ. ಹೆಲ್ಮೆಟ್ ಇಲ್ಲದೆ ತೊಗಲಿನ ಚೆಂಡಿನ ಆಟ ಬೇಡ.

ಕನ್ನಡಕ ಧರಿಸುವ ಮಕ್ಕಳು: ಸಾಮಾನ್ಯ ಗಾಜಿನ ಕನ್ನಡಕವು ರಕ್ಷಣೆಯಲ್ಲ, ಒಡೆದಾಗ ಅದರ ಚೂರೇ ಕಣ್ಣಿಗೆ ಹೊಗುತ್ತದೆ. ಪಾಲಿಕಾರ್ಬೊನೇಟ್ ಎಂಬ ಒಡೆಯದ ಪ್ಲಾಸ್ಟಿಕ್ಕಿನ ಕನ್ನಡಕಗಳು ಪೇಟೆಯಲ್ಲಿ ದೊರೆಯುತ್ತವೆ. ತಲೆಗೆ ಪಟ್ಟಿ ಕಟ್ಟಿಕೊಳ್ಳುವ ಆಟದ ಕನ್ನಡಕವೂ ಇದೆ. ಈಗಾಗಲೇ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡಿರುವ ಮಗುವಿಗೆ ಇದು ಅತ್ಯವಶ್ಯಕ. ಆ ಮಗುವಿಗೆ ಉಳಿದಿರುವುದು ಒಂದೇ ಕಣ್ಣು ಎಂಬುದನ್ನು ಶಾಲೆಯ ಉಪಾಧ್ಯಾಯರಿಗೂ ತಿಳಿಸಿರಿ.

ಇಷ್ಟೆಲ್ಲ ಎಚ್ಚರಿಕೆಯಿಂದ ಪ್ರಯೋಜನವುಂಟೇ ಎಂದು ನೀವು ಕೇಳಬಹುದು. ಕೆನಡಾ ದೇಶದಲ್ಲಿ ಮಂಜುಗಡ್ಡೆಯ ಮೇಲೆ ಹಾಕಿ ಆಡುತ್ತಾರೆ. 1974–75ರ ಒಂದೇ ಋತುವಿನಲ್ಲಿ ಅಲ್ಲಿ 257 ಕಣ್ಣಿನ ಗಾಯಗಳು ದಾಖಲಾಗಿ, 43 ಕಣ್ಣುಗಳು ಕುರುಡಾದವು. ಟಾಮ್ ಪ್ಯಾಶ್ಬಿ ಎಂಬ ನೇತ್ರವೈದ್ಯರು ಮುಂದಾಗಿ ನಿಂತು, ಆಡುವ ಮಕ್ಕಳೆಲ್ಲರೂ ಮುಖಗಾಪು ಧರಿಸುವಂತೆ ಮಾಡಲು ಶ್ರಮಿಸಿದರು. ಮುಖಗಾಪು ಕಡ್ಡಾಯವಾದ ನಂತರ ಮಕ್ಕಳಲ್ಲಿ ಕುರುಡುತನದ ಪ್ರಕರಣಗಳು ಬಹುಮಟ್ಟಿಗೆ ನಿಂತುಹೋದವು. ಆಟ ಮಾತ್ರ ನಿಲ್ಲಲಿಲ್ಲ.

ಪೆಟ್ಟು ಬಿದ್ದಾಗ ಮಾಡಬೇಕಾದದ್ದು

ಮೊದಲು, ಮಗುವನ್ನು ಬೈಯದಿರಿ. ಸಮಾಧಾನವಾಗಿ ಕುಳ್ಳಿರಿಸಿ, ಏನು ತಗುಲಿತು, ಯಾವಾಗ ತಗುಲಿತು ಎಂಬುದನ್ನು ಕೇಳಿರಿ. ಕಣ್ಣು ಉಜ್ಜಲು ಬಿಡಬೇಡಿರಿ.

ಧೂಳು ಅಥವಾ ಮರಳು ಬಿದ್ದಿದ್ದರೆ ಕೈ ತೊಳೆದುಕೊಂಡು, ಶುದ್ಧ ನೀರನ್ನು ಧಾರೆಯಾಗಿ ಸುರಿದು ಕಣ್ಣು ಮಿಟುಕಿಸಲು ಹೇಳಿರಿ. ನಾಲಗೆಯಿಂದ ತೆಗೆಯುವುದು, ಸೆರಗಿನ ಅಂಚಿನಿಂದ ಒರೆಸುವುದು ಬೇಡ.

ಸುಣ್ಣ ಬಿದ್ದಿದ್ದರೆ ಒಂದು ಕ್ಷಣವೂ ತಡಮಾಡದೆ, ಬಿದ್ದ ಜಾಗದಲ್ಲಿಯೇ ತೊಳೆಯಲು ಆರಂಭಿಸಿರಿ. ರೆಪ್ಪೆಗಳನ್ನು ಬಿಡಿಸಿ ಹಿಡಿದು, ಕಡಿಮೆಯೆಂದರೆ ಅರ್ಧ ಗಂಟೆ ಬಿಡದೆ ನೀರು ಹಾಕಬೇಕು. ಕುಡಿಯುವ ನೀರು ದೊರೆತರೆ ಉತ್ತಮ. ದೊರೆಯದಿದ್ದರೆ ಹತ್ತಿರ ಇರುವ ಶುಭ್ರವಾದ ನೀರಾದರೂ ಆಗಬಹುದು. ನಿಂಬೆರಸ ಮುಂತಾದ ಹುಳಿಯನ್ನು ಹಾಕಬೇಡಿರಿ. ಇಲ್ಲಿ ಮೊದಲು ತೊಳೆಯುವುದು, ಆಮೇಲೆ ಆಸ್ಪತ್ರೆ.

ಮೊಂಡು ಪೆಟ್ಟು ಬಿದ್ದಿದ್ದರೆ ಮಗುವನ್ನು ತಲೆ ಎತ್ತರಿಸಿ ಒರಗಿಸಿರಿ. ಗಾಯ ತೂತುಬಿದ್ದಿಲ್ಲವೆಂದು ತೋರಿದರೆ ತಣ್ಣೀರಿನ ಬಟ್ಟೆಯನ್ನು ಹುಬ್ಬು, ಕೆನ್ನೆಗಳ ಮೇಲೆ ಇಡಬಹುದು, ಕಣ್ಣುಗುಡ್ಡೆಯನ್ನು ಒತ್ತಬಾರದು. ಆಸ್ಪಿರಿನ್ ಮಾತ್ರೆ ಕೊಡಬೇಡಿರಿ. ಅದು ರಕ್ತಸ್ರಾವವನ್ನು ಹೆಚ್ಚಿಸಬಹುದು.

ತೂತುಬಿದ್ದ ಗಾಯವೆಂಬ ಸಂಶಯವಿದ್ದರೆ, ಅಥವಾ ಕಡ್ಡಿ ಕಣ್ಣಿನಲ್ಲಿ ನೆಟ್ಟಿದ್ದರೆ, ಅದನ್ನು ಕೀಳಬೇಡಿರಿ, ಕಣ್ಣು ತೊಳೆಯಬೇಡಿರಿ, ಹತ್ತಿ ಇಟ್ಟು ಬಿಗಿಯಾಗಿ ಕಟ್ಟಬೇಡಿರಿ. ಶುಭ್ರವಾದ ಕಾಗದದ ಲೋಟದ ತಳಭಾಗವನ್ನು ಕತ್ತರಿಸಿ, ಅದರ ಅಂಚು ಹುಬ್ಬು ಮತ್ತು ಕೆನ್ನೆಯ ಮೂಳೆಗಳ ಮೇಲೆ ಕೂರುವಂತೆ ಕಣ್ಣಿನ ಮೇಲೆ ಮುಚ್ಚಿ, ಪಟ್ಟಿ ಅಂಟಿಸಿರಿ. ಒಳಗೆ ಏನೂ ಕಣ್ಣಿಗೆ ತಾಗಬಾರದು. ಮಗುವಿಗೆ ಅರಿವಳಿಕೆ ಕೊಡಬೇಕಾಗಿ ಬರಬಹುದಾದುದರಿಂದ ದಾರಿಯಲ್ಲಿ ಊಟ, ತಿಂಡಿ ಕೊಡಬೇಡಿರಿ. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿದ ಚೀಟಿ ಇದ್ದರೆ ಜೊತೆಗೆ ಒಯ್ಯಿರಿ.

ಮಾಡಬಾರದ ಮನೆಮದ್ದು

ಎದೆಹಾಲು, ಹರಳೆಣ್ಣೆ, ಜೇನು, ಹೂವು ಎಲೆಗಳ ರಸ ಇವುಗಳನ್ನು ನಮ್ಮ ತಾಯಂದಿರು ಮಮತೆಯಿಂದಲೇ ಹಾಕುತ್ತಾರೆ. ಮಮತೆಯಲ್ಲಿ ದೋಷವಿಲ್ಲ. ಆದರೆ ಗಾಯವಾದ ಕಣ್ಣಿಗೆ ಇವುಗಳ ಮೂಲಕ ಕ್ರಿಮಿಗಳು ಹೊಗುತ್ತವೆ. ಅಂಗಡಿಯಲ್ಲಿ ಕೇಳಿ ತಂದ ಹನಿ ಔಷಧವೂ ಇದಕ್ಕಿಂತ ಕಡಿಮೆ ಅಪಾಯದ್ದಲ್ಲ. ಅವುಗಳಲ್ಲಿ ಕೆಲವಕ್ಕೆ ಸ್ಟೀರಾಯ್ಡ್ ಸೇರಿರುತ್ತದೆ. ಅದು ಕೆಂಪನ್ನು ಇಳಿಸಿ ವಾಸಿಯಾದಂತೆ ತೋರಿಸುತ್ತದೆ, ಒಳಗೆ ಬೂಷ್ಟಿನ ಸೋಂಕನ್ನು ಬೆಳೆಸುತ್ತದೆ. ಬೇರೊಬ್ಬರಿಗೆ ಕೊಟ್ಟ ಸೀಸೆಯ ಔಷಧವನ್ನೂ ಹಾಕಬೇಡಿರಿ.

ಮನೆಯಲ್ಲಿ ದೃಷ್ಟಿ ಪರೀಕ್ಷೆ

ಮಗುವಿಗೆ ಒಂದು ಕಣ್ಣಿನ ದೃಷ್ಟಿ ಹೋದರೂ ಅದು ಇನ್ನೊಂದರಿಂದ ಓಡಾಡಿಕೊಂಡಿರುತ್ತದೆ. ಅದಕ್ಕೇ ಅದು ತಿಳಿಯದಿರಬಹುದು. ಪೆಟ್ಟು ಬಿದ್ದ ದಿನ ಹೀಗೆ ಮಾಡಿರಿ: ಗೋಡೆಯ ಕ್ಯಾಲೆಂಡರಿನಿಂದ ಕೆಲವು ಹೆಜ್ಜೆ ದೂರ ಮಗುವನ್ನು ನಿಲ್ಲಿಸಿ, ಒಂದು ಕಣ್ಣನ್ನು ಅಂಗೈಯಿಂದ ಒತ್ತದೆ ಮುಚ್ಚಿ, ಅಂಕಿಗಳನ್ನು ಓದಿಸಿರಿ. ಆಮೇಲೆ ಇನ್ನೊಂದು ಕಣ್ಣಿನಿಂದ ಓದಿಸಿರಿ. ಎರಡರ ನಡುವೆ ವ್ಯತ್ಯಾಸ ಕಂಡರೆ ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಕಣ್ಣು ತೆರೆಯಲಾಗದಷ್ಟು ಊದಿದ್ದರೆ ಬಲವಂತವಾಗಿ ತೆರೆಯಬಾರದು. ಅದೇ ಆಸ್ಪತ್ರೆಗೆ ಹೋಗಲು ಸಾಕಷ್ಟು ಕಾರಣ.

ಕೆಳಗಿನ ಯಾವುದೇ ಚಿಹ್ನೆ ಕಂಡರೂ ರಾತ್ರಿಯೆನ್ನದೆ ಹೊರಡಿರಿ:

1. ದೃಷ್ಟಿ ಮಂಜಾಗುವುದು ಅಥವಾ ಒಂದು ವಸ್ತು ಎರಡಾಗಿ ಕಾಣುವುದು.
2. ಕಣ್ಣಿನ ಕರಿಯ ಭಾಗದ ಮುಂದೆ ರಕ್ತ ನಿಂತಿರುವುದು.
3. ಪಾಪೆಯ ಆಕಾರ ಕೆಟ್ಟಿರುವುದು.
4. ಮಿಂಚು ಹೊಳೆದಂತೆ, ಕಪ್ಪು ಚುಕ್ಕೆಗಳು ತೇಲಿದಂತೆ, ಪರದೆ ಇಳಿದಂತೆ ಕಾಣುವುದು.
5. ಪೆಟ್ಟು ಬಿದ್ದ ಮಗು ವಾಂತಿ ಮಾಡುವುದು, ಕಣ್ಣನ್ನು ಮೇಲಕ್ಕೆ ಹೊರಳಿಸಲಾರದಿರುವುದು. ಮಕ್ಕಳಲ್ಲಿ ಗೂಡಿನ ಮೂಳೆ ಮುರಿದು ಕಣ್ಣಿನ ಸ್ನಾಯು ಸಿಕ್ಕಿಕೊಂಡಾಗ ಹೀಗಾಗುತ್ತದೆ. ಕಣ್ಣು ಕೆಂಪಾಗಿರದಿದ್ದರೂ ಇದು ತುರ್ತಿನದು.
6. ನೋವು ಇಳಿಯದೆ ಹೆಚ್ಚುತ್ತ ಹೋಗುವುದು.

ವಾಹನ ದೊರೆಯದಿದ್ದರೆ 108 ಸಂಖ್ಯೆಗೆ ದೂರವಾಣಿ ಮಾಡಿರಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲ ಚಿಕಿತ್ಸೆ ದೊರೆಯುತ್ತದೆ. ಅಲ್ಲಿಂದ ಮುಂದೆ ಎಲ್ಲಿಗೆ ಹೋಗಬೇಕೆಂಬುದನ್ನೂ ತಿಳಿಸುತ್ತಾರೆ. ಜಿಲ್ಲಾ ಆಸ್ಪತ್ರೆಗಳಲ್ಲಿ ನೇತ್ರವಿಭಾಗವಿದೆ. ಬೆಂಗಳೂರಿನಲ್ಲಿ 1896ರಲ್ಲಿ ಆರಂಭವಾದ ಮಿಂಟೋ ಕಣ್ಣಾಸ್ಪತ್ರೆಯು ಸರ್ಕಾರದ ಸಂಸ್ಥೆಯೇ ಆಗಿದೆ. ಖರ್ಚಿಗೆ ಹೆದರಿ ಮನೆಯಲ್ಲಿ ಕೂರಬೇಡಿರಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಸರ್ಕಾರದ ನೆರವಿನ ವಿವರ ತಿಳಿಯುತ್ತದೆ. ಹೆಣ್ಣುಮಗುವಿಗೆ ಪೆಟ್ಟಾದಾಗ “ನಾಳೆ ನೋಡೋಣ” ಎನ್ನುವ ಮನೆಗಳು ಇನ್ನೂ ಇವೆ. ಗಂಡಿಗಾಗಲಿ ಹೆಣ್ಣಿಗಾಗಲಿ ಕಣ್ಣಿನ ಬೆಲೆ ಒಂದೇ.

ದಂಪತಿಗಳಿಗೆ ಒಂದು ಮಾತು

ಆ ಬಾಲಕನ ಮನೆಯಲ್ಲಿ ತಾಯಿ ಕೇಳಿದ್ದು ಸರಿಯಾಗಿತ್ತು. ತಂದೆ ಕೆಟ್ಟವರಾಗಿರಲಿಲ್ಲ, ವರ್ಷದ ಅನ್ನ ಕಣದಲ್ಲಿ ಬಿದ್ದಿತ್ತು. ಆದುದರಿಂದ, ಕಣ್ಣಿನ ವಿಷಯದಲ್ಲಿ ಇಬ್ಬರಲ್ಲಿ ಯಾರೊಬ್ಬರು “ಆಸ್ಪತ್ರೆಗೆ ಹೋಗೋಣ” ಎಂದರೂ ಇನ್ನೊಬ್ಬರು ವಾದಿಸದೆ ಹೊರಡುವುದೆಂದು ಇಂದೇ ಒಪ್ಪಂದ ಮಾಡಿಕೊಳ್ಳಿರಿ. ಒಬ್ಬರು ಕೆಲಸ ಬಿಡಲಾಗದಿದ್ದರೆ ಇನ್ನೊಬ್ಬರು ಕರೆದೊಯ್ಯಬಹುದು. ಒಕ್ಕಣೆ ಒಂದು ದಿನ ತಡೆದೀತು, ಕಣ್ಣು ತಡೆಯದು.

ಇನ್ನೊಂದು ಒಪ್ಪಂದವನ್ನು ಮಗುವಿನೊಡನೆ ಮಾಡಿಕೊಳ್ಳಿರಿ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಹೇಳಿರಿ: “ಆಟದಲ್ಲಿ ಕಣ್ಣಿಗೆ ಏನು ತಗುಲಿದರೂ ಓಡಿಬಂದು ಹೇಳು. ತಪ್ಪು ಯಾರದಾದರೂ ಆಗಲಿ, ನಾವು ಬೈಯುವುದಿಲ್ಲ, ಹೊಡೆಯುವುದಿಲ್ಲ.” ಹೇಳಿದ ಮೇಲೆ ಆ ಮಾತನ್ನು ಉಳಿಸಿಕೊಳ್ಳಿರಿ. ನಿಮ್ಮ ಮಗುವು ನಿಜವನ್ನು ಮೊದಲ ಗಂಟೆಯಲ್ಲಿಯೇ ಹೇಳಿದರೆ, ವೈದ್ಯರಾದ ನಮಗೆ ಮಾಡಲು ಬಹಳಷ್ಟು ಉಳಿದಿರುತ್ತದೆ.